ಎರಡು ಬಿಸಿಗಾಳಿಗಳ ನಡುವೆ

ಬೇಸಗೆಯ ಒಂದು ದಿನ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ, ಮನೆಯ ಮಾಳಿಗೆಯನ್ನು ಹತ್ತಿ ಆಕಾಶವನ್ನು ನೋಡಿ. ಹದ್ದೊಂದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಮೇಲೇರುತ್ತಿರುವುದು ಕಾಣುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಅದು ಸುತ್ತುವುದನ್ನು ಬಿಟ್ಟು, ರೆಕ್ಕೆಗಳನ್ನು ತುಸು ಹಿಂದಕ್ಕೆ ಮಡಚಿ, ಒಂದೇ ಗೆರೆಯಲ್ಲಿ ದೂರಕ್ಕೆ ಜಾರಿಹೋಗುತ್ತದೆ. ಜಾರುತ್ತ ಜಾರುತ್ತ ಎತ್ತರವನ್ನು ಕಳೆದುಕೊಂಡು, ಇನ್ನೆಲ್ಲೋ ಮತ್ತೆ ಸುತ್ತಲು ತೊಡಗುತ್ತದೆ. ನಾವೆಲ್ಲ ಇದನ್ನು ನೂರಾರು ಸಲ ನೋಡಿದ್ದೇವೆ. ಆದರೆ, ಜಾರುವಾಗ ಹದ್ದು ಎಷ್ಟು ವೇಗದಲ್ಲಿ ಜಾರಬೇಕು? ನಿಧಾನವಾಗಿಯೇ, ವೇಗವಾಗಿಯೇ? ಈ ಪ್ರಶ್ನೆಯನ್ನು ನಮ್ಮಲ್ಲಿ ಬಹಳ ಮಂದಿ ಕೇಳಿಕೊಂಡಿರಲಾರರು.

ಕೇಳಿಕೊಂಡವರು ಇಂಜಿನ್ ಇಲ್ಲದ ವಿಮಾನವನ್ನು, ಅಂದರೆ ಗ್ಲೈಡರನ್ನು, ಹಾರಿಸುವವರು. ಅವರಿಗೆ ಇದು ಕುತೂಹಲದ ಪ್ರಶ್ನೆಯಲ್ಲ. ಉತ್ತರ ತಪ್ಪಿದರೆ ಸ್ಪರ್ಧೆಯಲ್ಲಿ ಹಿಂದೆ ಬೀಳಬೇಕು. ತೀರ ತಪ್ಪಿದರೆ ಊರು ಕೇರಿ ಇಲ್ಲದ ಕಡೆ ಯಾರದೋ ಹೊಲದಲ್ಲಿ ಇಳಿಯಬೇಕು. ಈ ಉತ್ತರ ಹೇಗೆ ದೊರಕಿತು ಎಂಬುದೇ ಇಂದಿನ ನಮ್ಮ ವಿಷಯ.

ಮೊದಲು ಹದ್ದನ್ನು ಮೇಲೆತ್ತುವ ಗಾಳಿಯ ವಿಚಾರ. ಬಿಸಿಲು ನೆಲವನ್ನು ಎಲ್ಲ ಕಡೆ ಒಂದೇ ಸಮನಾಗಿ ಕಾಯಿಸುವುದಿಲ್ಲ. ಉತ್ತ ಹೊಲ, ಬಂಡೆಗಲ್ಲು, ಊರಿನ ಚಾವಣಿಗಳು ಬೇಗ ಕಾಯುತ್ತವೆ; ಕೆರೆ, ತೋಪು, ಗದ್ದೆ ನಿಧಾನವಾಗಿ ಕಾಯುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಇದನ್ನೇ ಥರ್ಮಲ್ ಎನ್ನುತ್ತಾರೆ. ಒಳ್ಳೆಯ ಥರ್ಮಲ್‌ನಲ್ಲಿ ಗಾಳಿ ಸೆಕೆಂಡಿಗೆ ಎರಡು, ಮೂರು, ಕೆಲವೊಮ್ಮೆ ಐದು ಮೀಟರ್ ಮೇಲೇರುವುದುಂಟು. ಸಾಕಷ್ಟು ತೇವವಿದ್ದರೆ ಅದರ ತುದಿಯಲ್ಲಿ ಹತ್ತಿಯ ಉಂಡೆಯಂಥ ಬಿಳಿ ಮೋಡ ಕೂರುತ್ತದೆ. ಮೇಲೆ ಹೋದ ಗಾಳಿಗೆ ಬದಲಾಗಿ ಪಕ್ಕದಲ್ಲಿ ಗಾಳಿ ಕೆಳಗಿಳಿಯಲೇಬೇಕು. ಈ ಕೆಳಗಿಳಿಯುವ ಗಾಳಿಯನ್ನು ನೆನಪಿನಲ್ಲಿಡಿ, ಮುಂದೆ ಅದರ ಕೆಲಸವಿದೆ.

ಈ ವಿಷಯವನ್ನು ಶ್ರದ್ಧೆಯಿಂದ ನೋಡಿದವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಇದ್ದರು. ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ ಆಗ್ರಾದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಗಂಗೆ ಯಮುನೆಗಳ ನೀರಿಗೆ ಕಾಲರಾ ರೋಗಾಣುಗಳನ್ನು ಕೊಲ್ಲುವ ಗುಣವಿದೆಯೆಂದು 1896ರಲ್ಲಿ ಬರೆದವರು ಇವರೇ. ಬಿಡುವಿನ ವೇಳೆಯಲ್ಲಿ ಅವರು ಹದ್ದುಗಳನ್ನೂ ರಣಹದ್ದುಗಳನ್ನೂ ನೋಡುತ್ತ ಕೂರುತ್ತಿದ್ದರು. ಬೆಳಿಗ್ಗೆ ಹಗುರವಾದ ಹಕ್ಕಿ ಮೊದಲು ತೇಲತೊಡಗುತ್ತದೆ, ಭಾರವಾದ ಹಕ್ಕಿ ಬಿಸಿಲೇರಿದ ಮೇಲೆ ತೇಲುತ್ತದೆ ಎಂಬಂಥ ಎಷ್ಟೋ ಸಂಗತಿಗಳನ್ನು ಬರೆದಿಟ್ಟು 1913ರಲ್ಲಿ ಪ್ರಾಣಿಗಳ ಹಾರಾಟದ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆದರೆ ಹದ್ದಿನ ಜೊತೆ ತಾನೂ ಸುತ್ತಿ ನೋಡುವ ಸೌಲಭ್ಯ ಅವರಿಗಿರಲಿಲ್ಲ. ಆ ಕೆಲಸ ಬೇರೊಂದು ದೇಶದಲ್ಲಿ, ಒಂದು ಸೋಲಿನ ಕಾರಣದಿಂದಾಗಿ ನಡೆಯಿತು.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರ ವರ್ಸೇಲ್ಸ್ ಒಪ್ಪಂದ ಅನೇಕ ನಿರ್ಬಂಧಗಳನ್ನು ಹೇರಿತು. ಇಂಜಿನ್ ಇರುವ ವಿಮಾನ ಕಟ್ಟುವುದು ಅಲ್ಲಿ ದುಸ್ತರವಾಯಿತು. ಇಂಜಿನ್ ಇಲ್ಲದ ವಿಮಾನದ ಮಾತನ್ನು ಯಾರೂ ಎತ್ತಿರಲಿಲ್ಲ. ವಿಮಾನ ಪತ್ರಿಕೆಯೊಂದರ ಸಂಪಾದಕ ಆಸ್ಕರ್ ಉರ್ಸಿನಸ್ ಅವರ ಕರೆಯ ಮೇಲೆ 1920ರಲ್ಲಿ ಉತ್ಸಾಹಿ ತರುಣರು ರೋನ್ ಪರ್ವತಸಾಲಿನ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಸೇರಿದರು. ಕುಪ್ಪೆ ಎಂದರೆ ಆ ಭಾಷೆಯಲ್ಲಿ ಗುಂಡಗಿನ ದಿಬ್ಬ. ನಮ್ಮ ಕನ್ನಡದ ಕುಪ್ಪೆಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಹೆಸರು ನೆನಪಿಡಲು ನಮಗೆ ಅನುಕೂಲ.

ಆರಂಭದ ವರ್ಷಗಳಲ್ಲಿ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯೇ ಅವರಿಗೆ ಆಧಾರ. 1922ರಲ್ಲಿ 'ವಾಂಪೀರ್' ಎಂಬ ಗ್ಲೈಡರ್ ಮೊದಲು ಒಂದು ಗಂಟೆಗೂ ಹೆಚ್ಚು, ಅನಂತರ ಮೂರು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿದ್ದಾಗ ಜಗತ್ತು ಬೆರಗಾಯಿತು. ಆದರೂ ಅದು ಬೆಟ್ಟದ ಮಗ್ಗುಲನ್ನು ಬಿಟ್ಟು ಹೋಗುವಂತಿರಲಿಲ್ಲ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. 1926ರಲ್ಲಿ ಮಾಕ್ಸ್ ಕೇಗೆಲ್ ಎಂಬಾತನನ್ನು ಗುಡುಗಿನ ಮೋಡವೊಂದು ಒಳಗೆಳೆದುಕೊಂಡು, ಮೇಲೆತ್ತಿ, 55 ಕಿಲೋಮೀಟರ್ ಆಚೆ ಕಕ್ಕಿತು. ಪ್ರಾಣಸಹಿತ ಇಳಿದ ಆತ ತನಗರಿಯದೆಯೇ ಮೋಡದ ಕೆಳಗೆ ಶಕ್ತಿಯಿದೆ ಎಂಬುದನ್ನು ಸಾಬೀತು ಮಾಡಿದ್ದ. ಹವಾಮಾನ ವಿಜ್ಞಾನಿ ವಾಲ್ಟರ್ ಗೇಯೋರ್ಗಿ ಅವರ ಪ್ರೇರಣೆಯಿಂದ ಸಾಮಾನ್ಯ ಬಿಳಿ ಮೋಡಗಳ ಅಡಿಯಲ್ಲೂ ಶೋಧ ನಡೆಯಿತು.

ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಮೇಲೇರುತ್ತಿದ್ದೇವೆಯೇ ಇಳಿಯುತ್ತಿದ್ದೇವೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಬಲೂನಿನವರು ಬಳಸುತ್ತಿದ್ದ ವೇರಿಯೋಮೀಟರ್ ಒದಗಿಬಂತು. ಥರ್ಮಾಸ್ ಫ್ಲಾಸ್ಕಿನಂಥ ಒಂದು ಪಾತ್ರೆ. ಅದರ ಗಾಳಿ ಹೊರಗಿನ ಗಾಳಿಯನ್ನು ಸೇರಲು ಒಂದು ಕಿರಿದಾದ ದಾರಿ. ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಪಾತ್ರೆಯ ಗಾಳಿ ಹೊರಕ್ಕೆ ಹರಿಯುತ್ತದೆ, ಇಳಿದಂತೆ ಒಳಕ್ಕೆ. ಹರಿವಿನ ರಭಸವನ್ನು ಒಂದು ಮುಳ್ಳು ತೋರಿಸುತ್ತದೆ. 1928ರಲ್ಲಿ ಆಸ್ಟ್ರಿಯದ ರಾಬರ್ಟ್ ಕ್ರೋನ್‌ಫೆಲ್ಡ್ ಇದನ್ನು ಗ್ಲೈಡರ್‌ನಲ್ಲಿ ಕಟ್ಟಿಕೊಂಡು ಹಾರಿದ. ಮರು ವರ್ಷ ನೂರು ಕಿಲೋಮೀಟರ್ ದಾಟಿದ ಮೊದಲಿಗನೂ ಅವನೇ ಆದ. ಅಲ್ಲಿಂದ ಮುಂದೆ ಗೂಟದ ಹಗ್ಗ ಬಿಚ್ಚಿಹೋಯಿತು. 1935ರಲ್ಲಿ ನಾಲ್ವರು ವಾಸರ್‌ಕುಪ್ಪೆಯಿಂದ ಹಾರಿ 500 ಕಿಲೋಮೀಟರ್ ದೂರದ ಚೆಕೊಸ್ಲೊವಾಕಿಯದ ಬ್ರ್ನೋ ನಗರದಲ್ಲಿ ಇಳಿದರು. ಅವರಲ್ಲೊಬ್ಬನಾದ ರುಡಾಲ್ಫ್ ಓಲ್ಟ್ಸ್‌ನರ್, ಮರಳಿ ಬರುವಾಗ, ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುತ್ತಿದ್ದ ಗ್ಲೈಡರ್ ಮುರಿದು ಸತ್ತ. ಹೋಗುವಾಗ ಇಲ್ಲದ ಅಪಾಯ ಬರುವಾಗ ಕಾದಿತ್ತು.

ಆವರೆಗೆ ಎಲ್ಲರ ಗುರಿ ದೂರ. ಮುಸ್ಸಂಜೆಯವರೆಗೆ ಹೇಗಾದರೂ ಆಕಾಶದಲ್ಲಿರಬೇಕು, ಅಷ್ಟೆ. ಆದರೆ ದಿನಕ್ಕೆ ಥರ್ಮಲ್‌ಗಳಿರುವುದೇ ಆರೇಳು ಗಂಟೆ. ಅಷ್ಟರೊಳಗೆ ಹೆಚ್ಚು ದೂರ ಹೋಗಬೇಕಾದರೆ ವೇಗ ಬೇಕು. ಹೀಗೆ ದೂರದ ಪ್ರಶ್ನೆಯೇ ವೇಗದ ಪ್ರಶ್ನೆಯಾಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಒಂದು ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ಹಿಡಿದು ಕುಳಿತರೆ ಹೈಸ್ಕೂಲಿನ ವಿದ್ಯಾರ್ಥಿಗೂ ಇದು ಸಾಧ್ಯ. ಮರದ ಹಳೆಯ ಗ್ಲೈಡರ್‌ಗಳನ್ನು ಹೋಲುವ ಒಂದು ಕಾಲ್ಪನಿಕ ಗ್ಲೈಡರನ್ನು ಇಟ್ಟುಕೊಳ್ಳೋಣ. ನಿಶ್ಚಲ ಗಾಳಿಯಲ್ಲಿ ಅದು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹಾರಿದರೆ ಸೆಕೆಂಡಿಗೆ 0.8 ಮೀಟರ್ ಇಳಿಯುತ್ತದೆ. 90ರಲ್ಲಿ 1.1 ಮೀಟರ್, 108ರಲ್ಲಿ 1.7, 126ರಲ್ಲಿ 2.6, 144ರಲ್ಲಿ 3.8. ವೇಗ ಇಮ್ಮಡಿಯಾದರೆ ಇಳಿತ ಇಮ್ಮಡಿಯಲ್ಲ, ಹೆಚ್ಚುಕಡಿಮೆ ಐದು ಪಟ್ಟಾಗುತ್ತದೆ ಎಂಬುದನ್ನು ಗಮನಿಸಿ. ಮುಂದಿನ ಮೋಡ 20 ಕಿಲೋಮೀಟರ್ ದೂರದಲ್ಲಿದೆ. ಅದರ ಕೆಳಗೆ ಸೆಕೆಂಡಿಗೆ 2 ಮೀಟರ್ ಏರಬಹುದು. ಹೊರಟ ಎತ್ತರಕ್ಕೆ ಮತ್ತೆ ಏರುವವರೆಗೆ ಎಷ್ಟು ಹೊತ್ತು ಬೇಕು?

ಒಬ್ಬ ಚಾಲಕ 'ನಿಧಾನವೇ ಪ್ರಧಾನ' ಎನ್ನುವವನು. ಅವನು 72ರಲ್ಲಿ ಹೋಗುತ್ತಾನೆ. ತಲುಪಲು 1000 ಸೆಕೆಂಡು, ಕಳೆದುಕೊಂಡ ಎತ್ತರ 800 ಮೀಟರ್, ಅದನ್ನು ಮತ್ತೆ ಗಳಿಸಲು 400 ಸೆಕೆಂಡು. ಒಟ್ಟು 23 ನಿಮಿಷ 20 ಸೆಕೆಂಡು. ಇನ್ನೊಬ್ಬ ಅವಸರದವನು. ಅವನು 144ರಲ್ಲಿ ನುಗ್ಗುತ್ತಾನೆ. 500 ಸೆಕೆಂಡಿನಲ್ಲಿ ತಲುಪಿಬಿಡುತ್ತಾನೆ, ನಿಜ. ಆದರೆ 1900 ಮೀಟರ್ ಕಳೆದುಕೊಂಡಿರುತ್ತಾನೆ. ಅದನ್ನು ಗಳಿಸಲು 950 ಸೆಕೆಂಡು ಸುತ್ತಬೇಕು. ಒಟ್ಟು 24 ನಿಮಿಷ 10 ಸೆಕೆಂಡು! ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಂಕಿಯಲ್ಲೇ ಬರೆದಿದೆ. ಹಾಗೆಂದು ನಿಧಾನದ ಗಾದೆ ಗೆದ್ದಿತೇ? ಅದೂ ಇಲ್ಲ. 90ರಲ್ಲಿ ಹೋದವನಿಗೆ 20 ನಿಮಿಷ 40 ಸೆಕೆಂಡು ಸಾಕು. 108ರಲ್ಲಿ ಹೋದವನಿಗೆ 20 ನಿಮಿಷ 33 ಸೆಕೆಂಡು. 126ರಲ್ಲಿ 21 ನಿಮಿಷ 54 ಸೆಕೆಂಡು. ಅತ್ಯುತ್ತಮ ವೇಗ 90ಕ್ಕೂ 108ಕ್ಕೂ ನಡುವೆ ಎಲ್ಲೋ ಇದೆ.

ಈಗ ಏರಿಕೆ 2ರ ಬದಲು 4 ಮೀಟರ್ ಎಂದು ಇಟ್ಟುಕೊಂಡು ಇದೇ ಲೆಕ್ಕವನ್ನು ನೀವೇ ಮಾಡಿ. ಉತ್ತಮ ವೇಗ 120ರ ಆಸುಪಾಸಿಗೆ ಜಿಗಿಯುತ್ತದೆ. ಏರಿಕೆ ಬರೀ 1 ಮೀಟರ್ ಆದರೆ 90ರ ಹತ್ತಿರಕ್ಕೆ ಇಳಿಯುತ್ತದೆ. ಕಾರಣ ಸರಳ. ಗ್ಲೈಡರ್ ಚಾಲಕನಿಗೆ ಎತ್ತರವೆಂಬುದು ಕೈಯಲ್ಲಿರುವ ಹಣ. ಥರ್ಮಲ್‌ನಲ್ಲಿ ಅವನು ಗಳಿಸುತ್ತಾನೆ, ಜಾರುವಾಗ ಖರ್ಚು ಮಾಡುತ್ತಾನೆ. ನಾಳೆ ಹೆಚ್ಚು ಕೂಲಿ ಸಿಗುವುದೆಂದು ಗೊತ್ತಿದ್ದವನು ಇಂದು ಬಸ್ಸಿನ ಬದಲು ಆಟೋರಿಕ್ಷಾ ಹತ್ತಬಹುದು. ಕೂಲಿ ಕಡಿಮೆಯಿದ್ದರೆ ನಡೆದು ಹೋಗುವುದೇ ಜಾಣತನ. ಖರ್ಚಿನ ಧಾರಾಳತನವನ್ನು ನಿರ್ಧರಿಸಬೇಕಾದ್ದು ನಿನ್ನೆಯ ಕೂಲಿಯಲ್ಲ, ನಾಳೆಯ ಕೂಲಿ. ಹಿಂದಿನ ಥರ್ಮಲ್ ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಮುಂದಿನದು ಹೇಗಿರುತ್ತದೆ ಎಂಬ ನಿರೀಕ್ಷೆಗೇ ಬೆಲೆ.

ಗ್ರಾಫ್ ಕಾಗದದ ಮೇಲೆ ಇದು ಇನ್ನೂ ಸೊಗಸು. ಅಡ್ಡ ಅಕ್ಷದಲ್ಲಿ ವೇಗವನ್ನೂ, ಲಂಬ ಅಕ್ಷದಲ್ಲಿ ಕೆಳಮುಖವಾಗಿ ಇಳಿತವನ್ನೂ ಗುರುತಿಸಿದರೆ ಬಾಗಿದ ಒಂದು ರೇಖೆ ಸಿಗುತ್ತದೆ. ಲಂಬ ಅಕ್ಷದಲ್ಲಿ ಸೊನ್ನೆಯಿಂದ ಮೇಲಕ್ಕೆ, ನಿರೀಕ್ಷಿತ ಏರಿಕೆಯಷ್ಟು ಎತ್ತರದಲ್ಲಿ, ಒಂದು ಚುಕ್ಕೆ ಇಡಿ. ಆ ಚುಕ್ಕೆಗೆ ಅಡಿಪಟ್ಟಿಯ ಅಂಚನ್ನು ತಾಗಿಸಿ, ಬಾಗುರೇಖೆಯನ್ನು ಮುಟ್ಟಿಯೂ ಮುಟ್ಟದಂತೆ ಸ್ಪರ್ಶರೇಖೆ ಎಳೆಯಿರಿ. ಅದು ಮುಟ್ಟಿದ ಕಡೆ ಇರುವುದೇ ಹಾರಬೇಕಾದ ವೇಗ. ಅಷ್ಟೇ ಅಲ್ಲ, ಆ ಗೆರೆ ಅಡ್ಡ ಅಕ್ಷವನ್ನು ಕತ್ತರಿಸುವ ಕಡೆ, ಸುತ್ತಿದ ಸಮಯವೂ ಸೇರಿದಂತೆ, ಇಡೀ ಪ್ರಯಾಣದ ಸರಾಸರಿ ವೇಗ ಸಿಗುತ್ತದೆ. ಒಂದು ಅಡಿಪಟ್ಟಿ, ಎರಡು ಉತ್ತರ. ಸ್ಪರ್ಶರೇಖೆಯ ಪಾಠ ಯಾವ ಕೆಲಸಕ್ಕೆ ಎಂದು ತರಗತಿಯಲ್ಲಿ ಗೊಣಗುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಇದನ್ನು ಮೊದಲು ಕಂಡವರು ಯಾರು? 1938ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಷ್ಪೇಟೆ ಎಂಬ ಚಾಲಕ, ಬೇರೆಬೇರೆ ಏರಿಕೆಗಳಿಗೆ ಹಾರಬೇಕಾದ ವೇಗಗಳು ಯಾವುವೆಂದು ಪ್ರಕಟಿಸಿದ. ಅದೇ ವರ್ಷ ರೋನ್ ಸ್ಪರ್ಧೆಯನ್ನು ಗೆದ್ದವನೂ ಅವನೇ. ಅದೇ 1938ರಲ್ಲಿ ಪೋಲೆಂಡಿನ ಷ್ವಾರ್ಟ್ಸ್ ಮತ್ತು ಕಾಸ್ಪ್‌ಶಿಕ್ ಎಂಬಿಬ್ಬರು ಇಂಥದ್ದೇ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಕಾಲದಲ್ಲಿ, ಗಡಿಯ ಎರಡು ಬದಿಯಲ್ಲಿ, ಒಂದೇ ಆಲೋಚನೆ. ಮರುವರ್ಷ ಆ ಗಡಿಯನ್ನು ಸೈನ್ಯ ದಾಟಿತು.

ಯುದ್ಧ ಈ ಮಂದಿಯನ್ನೆಲ್ಲ ಬೇರೆಬೇರೆ ದಾರಿಗೆ ಎಳೆದೊಯ್ದಿತು. ಷ್ಪೇಟೆ ಮೆಸರ್‌ಷ್ಮಿಟ್ 163 ಎಂಬ ರಾಕೆಟ್ ಯುದ್ಧವಿಮಾನದ ಪರೀಕ್ಷಾ ತಂಡದ ಮುಖ್ಯಸ್ಥನಾದ. ಅದರ ಇಂಧನ ಕೆಲವೇ ನಿಮಿಷಗಳಲ್ಲಿ ಮುಗಿದು, ಆಮೇಲೆ ಅದು ಗ್ಲೈಡರ್‌ನಂತೆಯೇ ಇಳಿಯಬೇಕಿತ್ತು. ಗ್ಲೈಡರ್ ಚಾಲಕರನ್ನು ಅದಕ್ಕೆ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ಪೋಲೆಂಡಿನ ಹೆಸರಾಂತ ಗ್ಲೈಡರ್ ವಿನ್ಯಾಸಕಾರ ಆಂಟೋನಿ ಕೋಟ್ಸಿಯಾನ್ ಭೂಗತ ಹೋರಾಟ ಸೇರಿ, ಜರ್ಮನರ ರಹಸ್ಯ ಅಸ್ತ್ರಗಳ ಸುದ್ದಿ ಸಂಗ್ರಹಿಸುವ ಕೆಲಸದಲ್ಲಿ ತೊಡಗಿ, ಸೆರೆಸಿಕ್ಕಿ, 1944ರಲ್ಲಿ ಕೊಲ್ಲಲ್ಪಟ್ಟ. ಅವನ 'ಓರ್ಲಿಕ್' ಎಂಬ ಗ್ಲೈಡರ್ ಮಾತ್ರ ಉಳಿಯಿತು. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆಂದು ಅದನ್ನು ಅಮೆರಿಕಕ್ಕೆ ಕಳಿಸಿದ್ದರು. ಯುದ್ಧ ಸುರುವಾಗಿ ಅದು ಅಲ್ಲೇ ನಿಂತಿತು. ಅದು ಮುಂದೆ ಕೈಸೇರಿದ್ದು ಪಾಲ್ ಮೆಕ್ರೀಡಿ ಎಂಬ ತರುಣನಿಗೆ.

ಮೆಕ್ರೀಡಿ ಹುಟ್ಟಿದ್ದು 1925ರಲ್ಲಿ. ಚಿಕ್ಕಂದಿನಿಂದ ಮಾದರಿ ವಿಮಾನಗಳ ಹುಚ್ಚು. ಯೇಲ್ ವಿಶ್ವವಿದ್ಯಾನಿಲಯದಲ್ಲಿ 1947ರಲ್ಲಿ ಭೌತವಿಜ್ಞಾನದ ಪದವಿ, ಅನಂತರ ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್. ಓದುತ್ತಿರುವಾಗಲೇ 1948 ಮತ್ತು 1949ರಲ್ಲಿ ಅಮೆರಿಕದ ಗ್ಲೈಡಿಂಗ್ ಚಾಂಪಿಯನ್.

ಮೊದಲೇ ನೆನಪಿಡಿ ಎಂದ ಇಳಿಗಾಳಿ ಈಗ ಕತೆಯೊಳಕ್ಕೆ ಬರುತ್ತದೆ. ಷ್ಪೇಟೆಯ ಲೆಕ್ಕ ಥರ್ಮಲ್‌ಗಳ ನಡುವಿನ ಗಾಳಿ ನಿಶ್ಚಲವೆಂದು ಹಿಡಿದಂತೆ ತೋರುತ್ತದೆ. ನಿಜದಲ್ಲಿ ಅದು ಹಾಗಿರುವುದಿಲ್ಲ. ಒಮ್ಮೆ ಇಳಿಯುತ್ತದೆ, ಒಮ್ಮೆ ತುಸು ಏರುತ್ತದೆ. ಇಳಿಗಾಳಿಯಲ್ಲಿ ಸಿಕ್ಕಿದವನು ಬೇಗ ದಾಟಿಕೊಳ್ಳಬೇಕು, ಏರುಗಾಳಿಯಲ್ಲಿ ನಿಧಾನಿಸಬೇಕು. ಎಷ್ಟು ಬೇಗ, ಎಷ್ಟು ನಿಧಾನ? 1947ರಲ್ಲಿ ಅರ್ನೆಸ್ಟ್ ಡ್ಯೂಯಿಂಗ್ ಮತ್ತು ಜಾರ್ಜ್ ಪೀರಿ ಪರಸ್ಪರ ತಿಳಿಯದೆ ಈ ಅಂಶವನ್ನು ಲೆಕ್ಕಕ್ಕೆ ಸೇರಿಸಿದರು. ಅದೇ 1947ರಲ್ಲೇ ತಾನೂ ಇದನ್ನು ಒಂದು ಉಂಗುರದ ರೂಪದಲ್ಲಿ ಬಳಸುತ್ತಿದ್ದೆನೆಂದು ಮೆಕ್ರೀಡಿ ಮುಂದೆ ಬರೆದ. 1949ರಲ್ಲಿ ಸ್ವಿಟ್ಸರ್ಲೆಂಡಿನ 'ಏರೋ ರೆವ್ಯೂ' ಪತ್ರಿಕೆಯಲ್ಲಿ ಅವನದೊಂದು ಲೇಖನ, ಜರ್ಮನಿಯ ಗಣಿತಜ್ಞ ಕಾರ್ಲ್ ನಿಕೆಲ್‌ನದೊಂದು ಲೇಖನ ಪ್ರಕಟವಾದವು. ಆಗ ಜರ್ಮನರಿಗೆ ಗ್ಲೈಡಿಂಗ್ ಕೂಡ ನಿಷಿದ್ಧವಾಗಿತ್ತು. ಎಂದರೆ, ಹೇಗೆ ಹಾರಿದರೆ ಬೇಗ ಹೋಗಬಹುದೆಂಬುದನ್ನು ಹಾರಲು ಅಪ್ಪಣೆಯಿಲ್ಲದ ದೇಶದವನೊಬ್ಬ ಕಾಗದದ ಮೇಲೆ ಬಿಡಿಸುತ್ತಿದ್ದ.

ಇಷ್ಟು ಮಂದಿಯ ಕೈವಾಡವಿದ್ದರೂ ಇಂದು ಪ್ರಪಂಚದಲ್ಲೆಲ್ಲ ಇದನ್ನು ಮೆಕ್ರೀಡಿ ಸಿದ್ಧಾಂತ ಎಂದೇ ಕರೆಯುತ್ತಾರೆ. ಇದು ಪೂರ್ತಿ ನ್ಯಾಯವಲ್ಲ. ಸಿದ್ಧಾಂತ ಅವನದಲ್ಲ, ಉಂಗುರ ಅವನದು. ಆದರೆ ಆ ಉಂಗುರವನ್ನು ನೋಡಿದರೆ, ಹೆಸರು ಅಲ್ಲಿಗೆ ಅಂಟಿಕೊಂಡದ್ದು ಏಕೆಂಬುದೂ ತಿಳಿಯುತ್ತದೆ. ಗುಂಡನೆಯ ವೇರಿಯೋಮೀಟರ್‌ನ ಸುತ್ತ ತಿರುಗಿಸಬಹುದಾದ ಒಂದು ಬಳೆ. ಬಳೆಯ ಮೇಲೆ ಒಂದು ಬಾಣದ ಗುರುತು, ಉಳಿದೆಡೆ ವೇಗದ ಅಂಕಿಗಳು. ಮುಂದಿನ ಥರ್ಮಲ್‌ನಲ್ಲಿ ಸೆಕೆಂಡಿಗೆ 2 ಮೀಟರ್ ಸಿಗುವುದೆಂದು ಚಾಲಕ ಭಾವಿಸಿದರೆ ಬಾಣವನ್ನು ಏರಿಕೆಯ 2ಕ್ಕೆ ತಿರುಗಿಸುತ್ತಾನೆ. ಆಮೇಲೆ ಜಾರುವಾಗ ವೇರಿಯೋಮೀಟರ್‌ನ ಮುಳ್ಳು ಬಳೆಯ ಮೇಲೆ ಯಾವ ಅಂಕಿಯನ್ನು ತೋರುತ್ತದೆಯೋ ಆ ವೇಗದಲ್ಲಿ ಹಾರುತ್ತಾನೆ. ಇಳಿಗಾಳಿ ಬಂದರೆ ಮುಳ್ಳು ಕೆಳಕ್ಕೆ ಸರಿದು ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಏರುಗಾಳಿ ಬಂದರೆ ಕಡಿಮೆ ಅಂಕಿಯನ್ನು. ನಮ್ಮ ಕಾಲ್ಪನಿಕ ಗ್ಲೈಡರ್‌ನಲ್ಲಿ ಬಾಣ 2ರಲ್ಲಿದ್ದಾಗ ನಿಶ್ಚಲ ಗಾಳಿಯಲ್ಲಿ 100ರ ಸಮೀಪ. ಸೆಕೆಂಡಿಗೆ 2 ಮೀಟರ್ ಇಳಿಯುವ ಗಾಳಿಯಲ್ಲಿ 120ರ ಸಮೀಪ. ಎರಡು ಇಳಿತಗಳನ್ನು ಕೂಡಿಸುವ, ರೇಖೆ ಎಳೆಯುವ ಗೋಜೇ ಇಲ್ಲ. ಕಾಕ್‌ಪಿಟ್‌ನಲ್ಲಿ, ಒಂದು ಕೈಯಲ್ಲಿ ಕೋಲು, ತೊಡೆಯ ಮೇಲೆ ನಕ್ಷೆ, ತಲೆಯ ಮೇಲೆ ಬಿಸಿಲು ಇರುವವನಿಗೆ ಬೇಕಾದ್ದು ಸಮೀಕರಣವಲ್ಲ. ಕಲನಶಾಸ್ತ್ರದ ಒಂದು ಲೆಕ್ಕವನ್ನು ಬಳೆಯೊಂದಕ್ಕೆ ಇಳಿಸಿದ್ದು ಸಣ್ಣ ಸಾಧನೆಯಲ್ಲ. 1956ರಲ್ಲಿ ಫ್ರಾನ್ಸಿನ ಸೈಂಟ್-ಯಾನ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ, ಫ್ರೆಂಚರದೇ ಬ್ರೆಗೆ 901 ಗ್ಲೈಡರ್ ಹಾರಿಸಿ, ಮೆಕ್ರೀಡಿ ಗೆದ್ದ. ಆ ಪಟ್ಟ ಪಡೆದ ಮೊದಲ ಅಮೆರಿಕನ್ ಅವನು.

ಈ ಸಿದ್ಧಾಂತದಲ್ಲಿ ಕೆಲವು ವಿಚಿತ್ರಗಳಿವೆ. ಮುಂದಿನ ಥರ್ಮಲ್ 5 ಕಿಲೋಮೀಟರ್ ದೂರವಿರಲಿ, 20 ಕಿಲೋಮೀಟರ್ ದೂರವಿರಲಿ, ಉತ್ತಮ ವೇಗ ಒಂದೇ. ದೂರ ಹೆಚ್ಚಾದರೆ ಜಾರುವ ಹೊತ್ತೂ ಏರುವ ಹೊತ್ತೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಎದುರುಗಾಳಿಯಿದ್ದರೂ ವೇಗ ಬದಲಿಸಬೇಕಾಗಿಲ್ಲ. ಏಕೆಂದರೆ ಥರ್ಮಲ್ ಕೂಡ ಅದೇ ಗಾಳಿಯೊಡನೆ ತೇಲುತ್ತಿರುತ್ತದೆ. ಕೊನೆಯ ಥರ್ಮಲ್‌ನಿಂದ ನೆಲದ ಮೇಲಿನ ಗುರಿಗೆ ಜಾರುವಾಗ ಮಾತ್ರ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಗುರಿ ಗಾಳಿಯೊಡನೆ ತೇಲುವುದಿಲ್ಲವಲ್ಲ! ಇನ್ನೊಂದು ಸಂಗತಿ, ನಮ್ಮ ಲೆಕ್ಕದಲ್ಲಿ 90ಕ್ಕೂ 108ಕ್ಕೂ ಇದ್ದ ವ್ಯತ್ಯಾಸ ಏಳೇ ಸೆಕೆಂಡು. ಅತ್ಯುತ್ತಮ ವೇಗದ ಅಕ್ಕಪಕ್ಕ ತಪ್ಪಿದರೆ ನಷ್ಟ ಅತ್ಯಲ್ಪ. ಆದರೆ 90ರಲ್ಲಿ ಹೋದವನು ಮೋಡದ ಕೆಳಗೆ ತಲುಪುವಾಗ 250 ಮೀಟರಿಗೂ ಹೆಚ್ಚು ಮೇಲಿರುತ್ತಾನೆ. ನಿರೀಕ್ಷಿಸಿದ ಥರ್ಮಲ್ ಅಲ್ಲಿ ಇಲ್ಲದೇ ಹೋದರೆ ಆ 250 ಮೀಟರ್ ಏಳು ಸೆಕೆಂಡಿಗಿಂತ ಎಷ್ಟೋ ಅಮೂಲ್ಯ. ಅನುಭವಿಗಳು ಬಳೆಯ ಆದೇಶಕ್ಕಿಂತ ತುಸು ನಿಧಾನವಾಗಿಯೇ ಹಾರುವ ಗುಟ್ಟು ಇದೇ. ಬಳೆಗೆ ನಾಳೆಯ ಕೂಲಿ ಖಚಿತವೆಂಬ ನಂಬಿಕೆ. ಆಕಾಶ ಹಾಗೇನೂ ಮಾತು ಕೊಟ್ಟಿಲ್ಲ.

ಈ ಅನಿಶ್ಚಯವನ್ನೇ ಗಣಿತಕ್ಕೆ ತಂದವನು ಒಬ್ಬ ಅರ್ಥಶಾಸ್ತ್ರಜ್ಞ ಎಂಬುದು ಸ್ವಾರಸ್ಯಕರ. ಆಗ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಜಾನ್ ಕಾಕ್ರನ್ ಗ್ಲೈಡರ್ ಚಾಲಕನೂ ಹೌದು. ಥರ್ಮಲ್ ಸಿಗುವುದೋ ಇಲ್ಲವೋ ಗೊತ್ತಿಲ್ಲದಿರುವಾಗ, ಎತ್ತರಕ್ಕೂ ಮಿತಿಯಿರುವಾಗ, ಬಾಣವನ್ನು ಎಲ್ಲಿಡಬೇಕು ಎಂದು ಅವನು 1999ರಲ್ಲಿ ಬರೆದ. ಮೋಡದ ಹತ್ತಿರವಿರುವಾಗ ಎತ್ತರ ಅಗ್ಗ, ಧಾರಾಳವಾಗಿ ಖರ್ಚು ಮಾಡಬಹುದು. ನೆಲ ಹತ್ತಿರವಾದಂತೆ ಒಂದೊಂದು ಮೀಟರೂ ದುಬಾರಿ. ಬಾಣವನ್ನು ಇಳಿಸುತ್ತ ಬರಬೇಕು. ಜೇಬು ಬರಿದಾಗುತ್ತಿರುವವನು ಹೇಗೆ ಕೈ ಬಿಗಿಹಿಡಿಯುತ್ತಾನೋ ಹಾಗೆ.

ಗ್ಲೈಡರ್‌ಗಳೂ ಬದಲಾದವು. 1957ರಲ್ಲಿ ಜರ್ಮನಿಯಲ್ಲಿ ಗಾಜುನಾರಿನ 'ಫೀನಿಕ್ಸ್' ಹಾರಿತು. ನುಣುಪಾದ ಹೊಸ ರೆಕ್ಕೆಗಳು ಹೆಚ್ಚಿನ ವೇಗದಲ್ಲೂ ಕಡಿಮೆ ಇಳಿಯುತ್ತಿದ್ದವು. 1972ರ ಏಪ್ರಿಲ್ 25ರಂದು ಹಾನ್ಸ್-ವೆರ್ನರ್ ಗ್ರೋಸೆ ಜರ್ಮನಿಯ ಲೂಬೆಕ್‌ನಿಂದ ಫ್ರಾನ್ಸಿನ ಬಿಯಾರಿಟ್ಸ್‌ವರೆಗೆ 1,460 ಕಿಲೋಮೀಟರ್ ಒಂದೇ ದಿನದಲ್ಲಿ ಹಾರಿದ. ಮೂರು ಸಲ ವಿಶ್ವ ಚಾಂಪಿಯನ್ ಆದ ಹೆಲ್ಮುಟ್ ರೈಷ್‌ಮನ್ ಎಪ್ಪತ್ತರ ದಶಕದಲ್ಲಿ ಬರೆದ ದೂರ ಹಾರಾಟದ ಪುಸ್ತಕ ಚಾಲಕರ ಪಠ್ಯವೇ ಆಯಿತು. ಮೋಡಗಳು ಸಾಲುಗಟ್ಟಿದ್ದರೆ ಸುತ್ತದೆಯೇ, ಏರುಗಾಳಿಯಲ್ಲಿ ನಿಧಾನಿಸಿ ಇಳಿಗಾಳಿಯಲ್ಲಿ ಧುಮುಕಿ, ಡಾಲ್ಫಿನ್‌ನಂತೆ ನೇರ ಹೋಗಬಹುದೆಂಬುದನ್ನು ಅದು ವಿವರಿಸುತ್ತದೆ. ಮುಂದೆ ಬಳೆಯ ಜಾಗಕ್ಕೆ ಪುಟ್ಟ ಕಂಪ್ಯೂಟರ್ ಬಂತು. ಆದರೂ ಅದರೊಳಗೆ ತುಂಬಬೇಕಾದ ನಿರೀಕ್ಷಿತ ಏರಿಕೆಯನ್ನು ಚಾಲಕರು ಮೆಕ್ರೀಡಿ ಸಂಖ್ಯೆ ಎಂದೇ ಕರೆಯುತ್ತಾರೆ. ಅದನ್ನು ಊಹಿಸುವವನು ಈಗಲೂ ಮನುಷ್ಯನೇ.

ನಮ್ಮ ದೇಶದಲ್ಲೂ ಗ್ಲೈಡರ್‌ಗಳನ್ನು ಕಟ್ಟಿದ್ದುಂಟು. ದೆಹಲಿಯಲ್ಲಿದ್ದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ ರೂಪಿಸಿದ ಗ್ಲೈಡರ್‌ಗಳ ಹೆಸರುಗಳನ್ನು ಕೇಳಿದರೆ ಪಂಚಾಂಗ ನೋಡುವ ಮನೆಯ ಮಕ್ಕಳಿಗೆ ನಗು ಬಂದೀತು: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶೀರ, ಆರ್ದ್ರಾ. ಅಕ್ಕಪಕ್ಕ ಇಬ್ಬರು ಕೂರುವ ರೋಹಿಣಿ ಮೊದಲು ಹಾರಿದ್ದು 1961ರಲ್ಲಿ.

ಮೆಕ್ರೀಡಿ 1956ರ ಬಳಿಕ ಸ್ಪರ್ಧೆಗಳನ್ನು ಬಿಟ್ಟ. ಆದರೆ ಹಕ್ಕಿಗಳನ್ನು ನೋಡುವುದನ್ನು ಬಿಡಲಿಲ್ಲ. ಬಂಧುವೊಬ್ಬನ ಸಾಲಕ್ಕೆ ಜಾಮೀನು ನಿಂತು ಒಂದು ಲಕ್ಷ ಡಾಲರ್ ಋಣ ಹೊತ್ತಿದ್ದ ಕಾಲ ಅದು. ಮನುಷ್ಯಬಲದಿಂದಲೇ ಎಂಟರ ಆಕಾರದಲ್ಲಿ ಹಾರುವ ವಿಮಾನಕ್ಕೆ ಬ್ರಿಟನ್ನಿನಲ್ಲಿ 50,000 ಪೌಂಡಿನ ಕ್ರೀಮರ್ ಬಹುಮಾನ ಬಹಳ ವರ್ಷಗಳಿಂದ ಯಾರಿಗೂ ಸಿಗದೆ ಕಾದಿತ್ತು. ಆ ಪೌಂಡುಗಳೂ ತನ್ನ ಋಣವೂ ಹೆಚ್ಚುಕಡಿಮೆ ಸಮವೆಂದು ಒಂದು ದಿನ ಅವನಿಗೆ ಹೊಳೆಯಿತು. 1976ರ ಬೇಸಗೆಯ ಪ್ರವಾಸದಲ್ಲಿ, ಸುತ್ತುತ್ತಿದ್ದ ರಣಹದ್ದುಗಳ ಒಂದೊಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸುತ್ತ, ಅವು ಎಷ್ಟು ಓರೆಯಾಗಿವೆ ಎಂದು ಅಂದಾಜಿಸುತ್ತ, ವೇಗದ ಲೆಕ್ಕ ಹಾಕುತ್ತಿದ್ದಾಗ ದಾರಿ ಕಂಡಿತು: ತೂಕವನ್ನು ಹೆಚ್ಚಿಸದೆ ರೆಕ್ಕೆಯನ್ನು ಬಹಳ ದೊಡ್ಡದು ಮಾಡಿದರೆ ಹಾರಲು ಬೇಕಾಗುವ ಶಕ್ತಿ ಮನುಷ್ಯನ ಕಾಲಿಗೆ ಎಟಕುವಷ್ಟು ಇಳಿಯುತ್ತದೆ. 1977ರ ಆಗಸ್ಟ್ 23ರಂದು ಅವನ 'ಗಾಸಮರ್ ಕಾಂಡರ್' ಪೆಡಲ್ ತುಳಿತದಿಂದ ಹಾರಿ ಬಹುಮಾನ ಗೆದ್ದಿತು. 1979ರ ಜೂನ್ 12ರಂದು 'ಗಾಸಮರ್ ಆಲ್ಬಟ್ರಾಸ್' ಇಂಗ್ಲಿಷ್ ಕಾಲುವೆಯನ್ನೇ ದಾಟಿತು. ಎರಡನ್ನೂ ತುಳಿದವನು ಬ್ರಯನ್ ಆಲನ್ ಎಂಬ ಸೈಕಲ್ ಪಟು. ಮೆಕ್ರೀಡಿ 2007ರಲ್ಲಿ ತೀರಿಕೊಂಡ.

ಅವನು ಸತ್ತ ಮರುವರ್ಷ, 2008ರಲ್ಲಿ, ಹಂಗೆರಿಯ ಮೂವರು ವಿಜ್ಞಾನಿಗಳು, ಆಕೋಷ್, ನಾದ್ಯ್ ಮತ್ತು ವಿಚೆಕ್, ಒಂದು ಅಧ್ಯಯನವನ್ನು ಪ್ರಕಟಿಸಿದರು. ಬೈರಿಗೂ ಬಿಳಿಕೊಕ್ಕರೆಗೂ ಸ್ಥಾನಸೂಚಕ ಉಪಕರಣಗಳನ್ನು ಕಟ್ಟಿ, ಥರ್ಮಲ್‌ನಲ್ಲಿ ಅವು ಏರುವ ಬಿರುಸನ್ನೂ, ಥರ್ಮಲ್‌ಗಳ ನಡುವೆ ಜಾರುವ ವೇಗವನ್ನೂ ಅಳೆದು, ಮನುಷ್ಯರ ಹಾರಾಟದೊಡನೆ ಹೋಲಿಸಿ ನೋಡಿದ್ದರು. ಏರಿಕೆ ಚೆನ್ನಾಗಿದ್ದ ದಿನ ಹಕ್ಕಿಗಳು ವೇಗವಾಗಿ ಜಾರಿದ್ದವು, ಏರಿಕೆ ಬಡವಾದ ದಿನ ನಿಧಾನವಾಗಿ. ಹೆಚ್ಚುಕಡಿಮೆ ಉಂಗುರ ಹೇಳುವ ಹಾಗೆಯೇ.